ಬಾಡಿಗೆ ರೂಮಿನಲ್ಲೊಂದು ಬಂಗುಡೆ ಸಾರು

ನಮ್ಮ ಕುಂದಾಪುರದ ಕಡೆ ‘ಊಟ ಆಯ್ತಾ?’ ಎಂದು ಕೇಳಿದವರ ಮುಂದಿನ ಪ್ರಶ್ನೆ ‘ಎಂತ ಮೀನ್?’ ಎಂದೇ ಇರುತ್ತದೆ. ಬಿಸಿ ಕುಚ್ಚಲಕ್ಕಿ ಅನ್ನ, ಅದರ ಮೇಲೆ ಕೆಂಪಗಿನ ಬಂಗುಡೆ ಸಾರು ಇದ್ದರೆ ಪಲ್ಯ, ಹಪ್ಪಳವನ್ನು ಯಾರೂ ಕೇಳುವುದಿಲ್ಲ. ಬಿ.ಇ. ಓದಲು ಬೆಂಗಳೂರಿಗೆ ಬಂದ ಮೇಲೆ ನನ್ನಲ್ಲಿ ಊರನ್ನು ಮೊದಲು ನೆನೆದದ್ದು ನಾಲಿಗೆ.

ಮೂವರು ಗೆಳೆಯರು ಸೇರಿ ರೂಮ್ ಹುಡುಕಲು ಹೊರಟಾಗ ಮಾಲೀಕರು ನಮ್ಮ ಓದಿನ ಬಗ್ಗೆ ಕೇಳುವ ಮೊದಲೇ ‘ವೆಜ್ಜಾ, ನಾನ್‌ವೆಜ್ಜಾ?’ ಎಂದು ಕೇಳುತ್ತಿದ್ದರು. ‘ಮೊಟ್ಟೆ ಆದ್ರೆ ಪರವಾಗಿಲ್ಲ, ಮೀನು ಬೇಡ. ವಾಸನೆ’ ಎಂದರು ಒಬ್ಬರು. ‘ವೆಜ್’ ಎಂದು ಸುಳ್ಳು ಹೇಳಿದ್ದರೆ ಕೀ ಕೈಗೆ ಬರುತ್ತಿತ್ತು. ಆದರೆ ಅಮ್ಮ ಕಲಿಸಿದ ಅಡುಗೆಯನ್ನು ಕಿಟಕಿ ಮುಚ್ಚಿ ಕದ್ದು ಉಣ್ಣಲು ಮನಸ್ಸಾಗಲಿಲ್ಲ. ಐದನೇ ಮನೆಯ ಅಜ್ಜಿ ಒಂದೇ ಷರತ್ತು ಹಾಕಿದರು: ‘ಏನು ಬೇಕಾದ್ರೂ ಮಾಡ್ಕೊಳ್ಳಿ, ಕಸ ಮಾತ್ರ ಅವತ್ತೇ ಆಚೆ ಹೋಗ್ಬೇಕು.’ ಕಾಲೇಜಿಗೆ ಎರಡು ಬಸ್ ಹಿಡಿಯಬೇಕು, ಬಾಡಿಗೆಯೂ ಸಾವಿರ ರೂಪಾಯಿ ಜಾಸ್ತಿ. ಆದರೂ ಅಲ್ಲೇ ಉಳಿದೆವು.

ಭಾನುವಾರದ ಅಡುಗೆ ನನ್ನದು. ಬಂಗುಡೆಯ ಕಣ್ಣು ಹೊಳೆಯುತ್ತಿರಬೇಕು, ಕಿವಿರು ಎತ್ತಿದರೆ ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಇದು ಬರೀ ರುಚಿಯ ಮಾತಲ್ಲ. ಮಂಜುಗಡ್ಡೆಯಿಲ್ಲದೆ ಇಟ್ಟ ಬಂಗುಡೆಯಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಹಾಗಾಗಿ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಮೀನು ತರುವ ಹಾಗಿಲ್ಲ.

ಆರು ಬಂಗುಡೆಗೆ ಹನ್ನೆರಡು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ನಾಲ್ಕಾರು ಕಾಳುಮೆಣಸು, ಚಿಟಿಕೆ ಮೆಂತ್ಯ. ಇವನ್ನು ಹದವಾಗಿ ಹುರಿದು ಅರ್ಧ ತೆಂಗಿನಕಾಯಿ ತುರಿ, ಅರ್ಧ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಅರಿಶಿನ ಮತ್ತು ನಿಂಬೆ ಗಾತ್ರದ ಹುಣಸೆಹಣ್ಣು ಸೇರಿಸಿ ಗಂಧದಷ್ಟು ನುಣ್ಣಗೆ ರುಬ್ಬಬೇಕು. ಬ್ಯಾಡಗಿಯಲ್ಲಿ ಖಾರ ಕಡಿಮೆ, ಬಣ್ಣ ಜಾಸ್ತಿ. ಮಸಾಲೆಗೆ ಉಪ್ಪು, ಶುಂಠಿ, ಸೀಳಿದ ಹಸಿಮೆಣಸು ಹಾಕಿ ಚೆನ್ನಾಗಿ ಕುದಿಸಿದ ಮೇಲೆಯೇ ಮೀನು ಬಿಡಬೇಕು. ಎಂಟು ನಿಮಿಷ ಸಾಕು. ‘ಸೌಟ್ ಹಾಕ್ಬೇಡ ಮಗಾ, ಮಡ್ಕಿ ಹಿಡ್ಕಂಡ್ ಒಂಚೂರ್ ಅಲ್ಲಾಡ್ಸ್’ ಎಂದು ಅಮ್ಮ ಈಗಲೂ ಫೋನಿನಲ್ಲಿ ಹೇಳುತ್ತಾಳೆ. ಸೌಟು ತಾಗಿದರೆ ಮೀನು ಪುಡಿಯಾಗುತ್ತದೆ. ಕೊನೆಗೆ ಮೇಲಿನಿಂದ ಒಂದು ಚಮಚ ತೆಂಗಿನೆಣ್ಣೆ.

ಮಾಲೀಕರು ಹೆದರುವ ಆ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೈನ್. ಅದು ಪ್ರತ್ಯಾಮ್ಲ, ಹುಣಸೆಯ ಆಮ್ಲ ಸೇರಿದರೆ ಲವಣವಾಗಿ ಸಾರಿನಲ್ಲೇ ಉಳಿಯುತ್ತದೆ, ಗಾಳಿಗೆ ಏಳುವುದಿಲ್ಲ. ಮೊದಲ ವರ್ಷದ ಕೆಮಿಸ್ಟ್ರಿ ನಮ್ಮಜ್ಜಿಗೆ ಪುಸ್ತಕವಿಲ್ಲದೆ ಗೊತ್ತಿತ್ತು!

ಕುಚ್ಚಲಕ್ಕಿಗೆ ಮಾತ್ರ ತಾಳ್ಮೆ ಬೇಕು. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ ಮಾಡಿದ ಅಕ್ಕಿ ಇದು. ತೌಡಿನಲ್ಲಿರುವ ಬಿ ವಿಟಮಿನ್‌ನ ಒಂದಿಷ್ಟು ಭಾಗ ಹಾಗೆ ಬೇಯುವಾಗಲೇ ಕಾಳಿನೊಳಕ್ಕೆ ಇಳಿಯುತ್ತದೆ. ಪಾತ್ರೆಯಲ್ಲಿಟ್ಟರೆ ಮುಕ್ಕಾಲು ಗಂಟೆಗೂ ಕಡಿಮೆಯಿಲ್ಲ. ಬಸಿದ ಗಂಜಿ ತಿಳಿಗೆ ಉಪ್ಪು ಹಾಕಿದರೆ ಅದೇ ನಮ್ಮ ಸೂಪ್.

ಕಲಬುರಗಿಯ ಗೆಳೆಯ ಕಡಲ ಮೀನು ತಿಂದವನೇ ಅಲ್ಲ. ಮೊದಲ ದಿನ ಬರೀ ಸಾರನ್ನು ಜೋಳದ ರೊಟ್ಟಿಗೆ ಹಚ್ಚಿಕೊಂಡ. ಈಗ ಮುಳ್ಳು ಬಿಡಿಸುವುದರಲ್ಲಿ ನನಗಿಂತ ಚುರುಕು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಭಾನುವಾರ ಅವನದು: ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹಾಸನದವನ ಪಾಲಿಗೆ ಪಾತ್ರೆ ತೊಳೆಯುವುದು. ಈ ವರ್ಷ ಅವನೂ ಮುದ್ದೆ ಕಟ್ಟಲು ಶುರು ಮಾಡಿದ್ದಾನೆ.

ಮುಂದಿನ ವರ್ಷ ಪ್ಲೇಸ್‌ಮೆಂಟ್. ಒಬ್ಬ ಪುಣೆಗೆ, ಒಬ್ಬ ಚೆನ್ನೈಗೆ ಹೋಗಬಹುದು. ಕೋಡಿಂಗ್, ಆಪ್ಟಿಟ್ಯೂಡ್ ಎಲ್ಲವನ್ನೂ ಕಲಿಯುತ್ತಿದ್ದೇವೆ ಸರಿ. ಜೊತೆಗೆ ನಿಮ್ಮ ಮನೆಯ ಒಂದೇ ಒಂದು ಅಡುಗೆಯನ್ನು, ಹುಡುಗರೂ ಸಹ, ಕೈಗೆ ಹತ್ತಿಸಿಕೊಂಡು ಹೊರಡಿ. ಹಂಚಿ ಉಣ್ಣಲು ನಿಮ್ಮದೂ ಒಂದು ಪಾತ್ರೆ ಇದ್ದರೆ ಪರಊರಿನಲ್ಲೂ ಜನ ತಾವಾಗಿ ಸುತ್ತ ಕೂರುತ್ತಾರೆ.