ಜರ್ಮನ್ ಪರೀಕ್ಷೆ: ಓದುವ ಭಾಗಕ್ಕೆ ಹೆದರಬೇಡಿ

ಮದುವೆಯಾಗಿ ಆರು ತಿಂಗಳಾದರೂ ಗಂಡ ಜರ್ಮನಿಯಲ್ಲಿ, ಹೆಂಡತಿ ಮಳವಳ್ಳಿಯಲ್ಲಿ! ಬ್ಲೂ ಕಾರ್ಡ್ ಇರುವವರ ಪತ್ನಿಗೆ ವಿನಾಯಿತಿ ಇದೆ. ಉಳಿದ ಎಷ್ಟೋ ಜನಕ್ಕೆ ವೀಸಾ ಸಿಗಬೇಕಾದರೆ ಎ1 ಪರೀಕ್ಷೆ ಪಾಸಾಗಲೇಬೇಕು.

ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ನಡೆಸುವ ಈ ಪರೀಕ್ಷೆಯಲ್ಲಿ ಓದುವ ಭಾಗಕ್ಕೆ 25 ನಿಮಿಷ, 15 ಪ್ರಶ್ನೆ. ಪುಟ್ಟ ಪತ್ರ, ಜಾಹೀರಾತು, ಅಂಗಡಿ ಬಾಗಿಲಿನ ಬೋರ್ಡು, ಇಷ್ಟೇ. ಪ್ರತಿ ಪದದ ಅರ್ಥ ಹುಡುಕುತ್ತಾ ಕೂರಬೇಡಿ. ಡಿಕ್ಷನರಿಯನ್ನಂತೂ ಒಳಗೆ ಬಿಡೋದಿಲ್ಲ. ಮೊದಲು ಪ್ರಶ್ನೆ ಓದಿ, ಆಮೇಲೆ ಉತ್ತರ ಎಲ್ಲಿದೆ ಅಂತ ನೋಡಿ. ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡಿನ ಮೇಲೆ ನಮ್ಮೂರ ಹೆಸರನ್ನಷ್ಟೇ ಹುಡುಕೋದಿಲ್ಲವೇ, ಹಾಗೆ.

ಎಡವೋದು ಸಣ್ಣ ಪದಗಳಲ್ಲೇ. 'ನಿಖ್ಟ್', 'ಕೈನ್' ಬಂದರೆ ಅರ್ಥ ಪೂರಾ ಉಲ್ಟಾ. 'ನೂರ್' ಅಂದರೆ 'ಮಾತ್ರ', ನಮ್ಮ ನೂರಲ್ಲ! 'ಆಬ್' ಅಂದರೆ 'ಇಂದ', 'ಬಿಸ್' ಅಂದರೆ 'ವರೆಗೆ'. 'ಹಾಲ್ಪ್ ಆಖ್ಟ್' ಎಂದರೆ ಎಂಟೂವರೆ ಅಲ್ಲ, ಏಳೂವರೆ. ಇವನ್ನೆಲ್ಲ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿಬಿಡಿ.

ಭವನದ ವೆಬ್‌ಸೈಟಿನಲ್ಲಿ ಮಾದರಿ ಪತ್ರಿಕೆ ಉಚಿತ. ಮನೆಕೆಲಸ ಮುಗಿದ ಮೇಲೆ ಗಡಿಯಾರ ಎದುರಿಗಿಟ್ಟುಕೊಂಡೇ ಬಿಡಿಸಿ. ಉತ್ತರಗಳನ್ನು ಉತ್ತರಪತ್ರಿಕೆಗೆ ಇಳಿಸೋದೂ ಆ 25 ನಿಮಿಷದೊಳಗೇ ಆಗಬೇಕು. ಕೊನೆಯ ಮೂರು ನಿಮಿಷ ಅದಕ್ಕಿಡಿ. ತಪ್ಪಿಗೆ ಅಂಕ ಕಳೆಯೋದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಎಲ್ಲ ಭಾಗ ಸೇರಿ 100ಕ್ಕೆ 60 ಬಂದರೆ ಪಾಸ್. ಪರೀಕ್ಷೆಯ ದಿನ ಮಂಡ್ಯದಲ್ಲಿ ರೈಲು ಹತ್ತೋ ಮುಂಚೆ ಪಾಸ್‌ಪೋರ್ಟ್ ಚೀಲದಲ್ಲಿದೆಯೇ ನೋಡಿಕೊಳ್ಳಿ.