ಜೋಳದ ಎಳೆಗರಿ ಮತ್ತು ಜೀವಕೋಶದ ಉಸಿರು: ಸರ್ಫ್-1 ವಂಶವಾಹಿಯನ್ನು ಕುರಿತು

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ ಧಾರಾಕಾರವಾಗಿ ಸುರಿಯುವ ಮಳೆ ಕಡೂರಿನ ಬಯಲನ್ನು ತಲುಪುವ ವೇಳೆಗೆ ಬಡವಾಗಿರುತ್ತದೆ. ಕಡೂರು, ಅಜ್ಜಂಪುರ ಹಾಗೂ ತರೀಕೆರೆಯ ಬಯಲು ಭಾಗ ರಾಗಿ-ಜೋಳದ ಸೀಮೆ. ಅಮೃತಮಹಲ್ ಕಾವಲುಗಳ ಸೀಮೆ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡಿತು. ಆ ತಳಿಯ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿದೆ. ಜೋಳ ಬೆಳೆಯುವ ಸೀಮೆಗಳ ದನಗಾಹಿಗಳಲ್ಲಿ ಒಂದು ಕಟ್ಟಳೆಯುಂಟು: ಎಳೆಯ ಜೋಳಕ್ಕೆ, ಮಳೆಯಿಲ್ಲದೆ ಬಾಡಿದ ಪೈರಿಗೆ, ಕೊಯ್ದ ಬುಡದಲ್ಲಿ ಮತ್ತೆ ಚಿಗುರಿದ ಕೂಳೆಗೆ ದನಗಳನ್ನು ಬಿಡಬಾರದು. ಈ ಕಟ್ಟಳೆಯ ಕಾರಣವನ್ನು ಅರಸುತ್ತಾ ಹೋದರೆ ನಾವು ಮನುಷ್ಯರ ಮಕ್ಕಳನ್ನು ಕಾಡುವ ಒಂದು ವಂಶಪಾರಂಪರ್ಯ ವ್ಯಾಧಿಯನ್ನು ತಲುಪುತ್ತೇವೆ. ಆ ನಂಟನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಳೆಯ ಜೋಳದ ಗರಿಯಲ್ಲಿ ಡುರಿನ್ ಎಂಬ ವಸ್ತುವಿರುತ್ತದೆ. ದನ ಗರಿಯನ್ನು ಅಗಿದಾಗ ಅದು ಒಡೆದು ಸೈನೈಡ್ ಬಿಡುಗಡೆಯಾಗುತ್ತದೆ. ಬರ ಬಿದ್ದಾಗ ಹಾಗೂ ಕೂಳೆ ಚಿಗುರುವಾಗ ಅದರ ಪ್ರಮಾಣ ಹೆಚ್ಚು. ಪೈರು ಬಲಿತಂತೆ ಕಡಿಮೆ. ಸೈನೈಡ್ ಕೊಲ್ಲುವ ಬಗೆ ವಿಶಿಷ್ಟವಾದುದು. ನಮ್ಮ ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಅಂಗಗಳಿವೆ. ಉಸಿರಿನಿಂದ ಬಂದ ಆಮ್ಲಜನಕವನ್ನು ಬಳಸಿಕೊಂಡು ಆಹಾರದಿಂದ ಶಕ್ತಿಯನ್ನು ಪಡೆಯುವ ಕಾರ್ಯ ನಡೆಯುವುದು ಅಲ್ಲಿ. ಈ ಸರಪಳಿಯ ಕೊನೆಯ ಕೊಂಡಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ. ಸೈನೈಡ್ ಅದಕ್ಕೆ ಅಂಟಿಕೊಂಡರೆ ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಕೋಶ ಅದನ್ನು ಬಳಸಲಾರದು. ವಿಷವೇರಿದ ದನದ ರಕ್ತ ಕಡುಗೆಂಪಾಗಿ ಹೊಳೆಯುವುದು ಈ ಕಾರಣದಿಂದಲೇ. ಉಸಿರು ಆಡುತ್ತಿರುವಾಗಲೇ ಜೀವಕೋಶಗಳು ಉಸಿರುಗಟ್ಟುತ್ತವೆ.

ಇದಕ್ಕೆ ಪ್ರತಿಯಾಗಿ ರೊಡನೀಸ್ ಎಂಬ ಮತ್ತೊಂದು ಮೈಟೊಕಾಂಡ್ರಿಯದ ಕಿಣ್ವವು ಗಂಧಕವನ್ನು ಬಳಸಿ ಸೈನೈಡನ್ನು ಹೆಚ್ಚು ಅಪಾಯವಿಲ್ಲದ ವಸ್ತುವಾಗಿ ಮಾರ್ಪಡಿಸುತ್ತದೆ. ಪಶುವೈದ್ಯರು ಸೋಡಿಯಂ ಥಯೋಸಲ್ಫೇಟನ್ನು ರಕ್ತನಾಳಕ್ಕೆ ಚುಚ್ಚಿ ಕೊಡುವುದು ಈ ಕಿಣ್ವಕ್ಕೆ ಬೇಕಾದ ಗಂಧಕವನ್ನು ಒದಗಿಸಲೆಂದೇ.

ಆಕ್ಸಿಡೇಸ್ ಕಿಣ್ವದ ಪೂರ್ಣ ರಚನೆಯನ್ನು ಜಪಾನಿನ ವಿಜ್ಞಾನಿಗಳು 1996ರಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ದನದ ಹೃದಯದ ಕಿಣ್ವವನ್ನು ಎಂಬುದು ಇಲ್ಲಿ ಗಮನಾರ್ಹ. ಅದರಲ್ಲಿ 13 ಬಿಡಿಭಾಗಗಳು ಕಂಡವು. ಅವುಗಳಲ್ಲಿ ಮೂರರ ವಂಶವಾಹಿಗಳು ಮೈಟೊಕಾಂಡ್ರಿಯದಲ್ಲೇ ಇದ್ದು, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತವೆ. ಉಳಿದವು ಕೋಶಕೇಂದ್ರದಲ್ಲಿದ್ದು, ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಭಾಗಗಳಿದ್ದರೆ ಸಾಲದು; ಗಾಡಿಗೆ ಗಾಲಿ, ಅಚ್ಚು, ಮೂಕಿಗಳನ್ನು ಹೊಂದಿಸುವ ಬಡಗಿ ಬೇಕು. ಕಿಣ್ವಕ್ಕೆ ಇಂತಹ ಬಡಗಿಗಳಲ್ಲಿ ಒಂದು, ಸರ್ಫ್-1 ವಂಶವಾಹಿ ರೂಪಿಸುವ ಪ್ರೋಟೀನು. ಈ ವಂಶವಾಹಿ ಇರುವುದು ಕೋಶಕೇಂದ್ರದ 9ನೆಯ ವರ್ಣತಂತುವಿನಲ್ಲಿ.

ಸರ್ಫ್-1ರ ಎರಡು ಪ್ರತಿಗಳೂ ಕೆಟ್ಟಿದ್ದರೆ ಕಿಣ್ವ ಸರಿಯಾಗಿ ಜೋಡಣೆಯಾಗದು. ಹೆಚ್ಚು ಶಕ್ತಿ ಬೇಡುವ ಮೆದುಳಿನ ಆಳದ ಭಾಗಗಳು ಮೊದಲು ಸೊರಗುತ್ತವೆ. 1951ರಲ್ಲಿ ಡೆನಿಸ್ ಲೀ ವಿವರಿಸಿದ ‘ಲೀ ರೋಗ’ಕ್ಕೆ ಇದು ಒಂದು ಮುಖ್ಯ ಕಾರಣವೆಂಬುದು 1998ರಲ್ಲಿ ಖಚಿತವಾಯಿತು. ಚೆನ್ನಾಗಿ ಆಡಿಕೊಂಡಿದ್ದ ಮಗು ಹಲವು ವೇಳೆ ಒಂದು ಜ್ವರದ ನಂತರ ಕಲಿತ ನಡಿಗೆಯನ್ನು ಮರೆಯುತ್ತದೆ, ಕತ್ತು ನಿಲ್ಲಿಸಲಾರದು, ಉಸಿರಾಟ ಲಯ ತಪ್ಪುತ್ತದೆ. ಪೂರ್ಣ ಗುಣಪಡಿಸುವ ಔಷಧ ಇನ್ನೂ ಇಲ್ಲ. ಜೋಳದ ಗರಿ ಕೆಲವೇ ನಿಮಿಷಗಳಲ್ಲಿ ತಡೆಯುವ ಕಿಣ್ವವೇ ಇಲ್ಲಿ ಹುಟ್ಟಿನಿಂದ ದುರ್ಬಲವಾಗಿರುತ್ತದೆ.

ಜಾನಪದ ವಿದ್ಯಾರ್ಥಿಗೆ ಈ ರೋಗ ಮುಖ್ಯವಾಗುವುದು ಬಂಧುತ್ವದ ಕಾರಣದಿಂದ. ಒಂದೇ ಪ್ರತಿ ಕೆಟ್ಟವರು ಆರೋಗ್ಯವಂತರಾಗಿಯೇ ಇರುತ್ತಾರೆ. ಅಂತಹ ಇಬ್ಬರು ದಂಪತಿಗಳಾದರೆ ಪ್ರತಿ ಬಸಿರಿನಲ್ಲೂ ರೋಗದ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮಲ್ಲಿ ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ವಾಡಿಕೆ ಹಳೆಯದು. ಮಾವನಲ್ಲಿ ಕೆಟ್ಟ ಪ್ರತಿಯೊಂದಿದ್ದರೆ ಅದೇ ಪ್ರತಿ ಅಕ್ಕನ ಮಗಳಲ್ಲಿ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟರಲ್ಲಿ ಒಂದು. ಭೂಮಿ, ನಂಟು ಚದುರದಂತೆ ಕಾಯ್ದ ಪದ್ಧತಿಯೇ ಅಡಗಿದ ದೋಷವನ್ನೂ ಒಂದೆಡೆ ಕೂಡಿಸಬಲ್ಲದು.

ಇಂತಹ ಮಗು ಹುಟ್ಟಿದ ಮನೆಯಲ್ಲಿ ದೃಷ್ಟಿ, ಶಾಪ, ಸೊಸೆಯ ಕಾಲ್ಗುಣ ಮೊದಲಾದ ಮಾತುಗಳು ಏಳುತ್ತವೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ಇಲ್ಲಿ ತಾಯಿಯ ಮೇಲಿನ ಆರೋಪವಾಗಿ ಎತ್ತಿದರೆ ಅದು ತಪ್ಪು. ಸರ್ಫ್-1ರ ದೋಷದಲ್ಲಿ ತಂದೆ ತಾಯಿಯರ ಪಾಲು ಸಮ. ತಾಯಿಯಿಂದ ಮಾತ್ರ ಬರುವ ದೋಷಗಳಲ್ಲಿಯೂ ಆಕೆಯ ಅಪರಾಧವೇನೂ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಸರ್ಫ್-1 ದೋಷವಿರುವ ರೋಗಿಗಳನ್ನು ಅಧ್ಯಯನ ಮಾಡಿದ್ದಾರೆ. ಒಂದು ಮಗುವಿನಲ್ಲಿ ದೋಷ ಯಾವುದೆಂದು ತಿಳಿದರೆ ಮುಂದಿನ ಬಸಿರಿನಲ್ಲಿ ಅದನ್ನು ಮೊದಲೇ ಪರೀಕ್ಷಿಸಬಹುದು. ದನಗಾಹಿ ಜೋಳದ ಹೊಲದ ವಿಷಯದಲ್ಲಿ ಶಾಪದ ಮಾತಿಗೆ ನಿಲ್ಲಲಿಲ್ಲ. ಯಾವ ಪೈರು, ಯಾವ ಕಾಲ, ಎಷ್ಟು ಎಳೆಯದು ಎಂದು ನೋಡಿ ಕಟ್ಟಳೆ ಮಾಡಿದ. ಅದೇ ನೋಟವನ್ನು ಮನೆಯ ತೊಟ್ಟಿಲಿಗೂ ಹಾಯಿಸುವುದು ನಮ್ಮ ಪರಂಪರೆಗೆ ಹೊರತಾದುದಲ್ಲ.