ಪ್ರಾಕ್ಕಲ್ಪನೆಯ ಪರೀಕ್ಷೆ: ದೋಷಗಳು ಮತ್ತು ಸಾಮರ್ಥ್ಯ
ಕರ್ತೃತ್ವ ನಿರ್ಣಯಕ್ಕೆ ಸಂಖ್ಯಾಶಾಸ್ತ್ರವನ್ನು ಆಶ್ರಯಿಸುವಾಗ, ನೇಮನ್ ಮತ್ತು ಪಿಯರ್ಸನ್ 1933ರ ಪ್ರಬಂಧದಲ್ಲಿ ವಿವೇಚಿಸಿದ ಎರಡು ದೋಷಗಳನ್ನು ನಾವು ಬೇರ್ಪಡಿಸಿ ನೋಡಬೇಕು. ನಿಜವಾದ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸುವುದು ಮೊದಲನೆಯದು; ಸುಳ್ಳಾದುದನ್ನು ತಿರಸ್ಕರಿಸದೆ ಬಿಡುವುದು ಎರಡನೆಯದು. ಈ ಎರಡನೆಯದು ಘಟಿಸದಿರುವ ಸಂಭಾವ್ಯತೆಯೇ ಪರೀಕ್ಷೆಯ ಸಾಮರ್ಥ್ಯ.

ಕವಿಯೊಬ್ಬನ ಅರ್ಧದಷ್ಟು ಪದ್ಯಗಳಲ್ಲಿ ಒಂದು ಪ್ರತ್ಯಯರೂಪವಿದೆ ಎನ್ನೋಣ. ಸಂದೇಹಾಸ್ಪದ ಕೃತಿಯಿಂದ ಯಾದೃಚ್ಛಿಕವಾಗಿ ಆಯ್ದ 10 ಪದ್ಯಗಳ ಪೈಕಿ 8 ಅಥವಾ ಹೆಚ್ಚಿನವುಗಳಲ್ಲಿ ಆ ರೂಪ ದೊರೆತರೆ ಕೃತಿ ಆತನದಲ್ಲವೆಂಬುದು ನಮ್ಮ ನಿಯಮ. ಮೊದಲ ದೋಷದ ಸಂಭಾವ್ಯತೆ ಸುಮಾರು ಶೇ. 5.5. ಆದರೆ ಕೃತಿಯಲ್ಲಿ ಆ ರೂಪದ ಪ್ರಮಾಣ ವಾಸ್ತವವಾಗಿ ಶೇ. 70 ಇದ್ದರೂ ಸಾಮರ್ಥ್ಯ ಕೇವಲ ಶೇ. 38. ಪದ್ಯಗಳು 100, ಗಡಿ 59 ಎಂದಾದರೆ ಮೊದಲ ದೋಷ ಶೇ. 4.4ಕ್ಕೆ ಇಳಿದು, ಸಾಮರ್ಥ್ಯ ಶೇ. 99ಕ್ಕೆ ಏರುತ್ತದೆ.

ಆದುದರಿಂದ ಕೆಲವೇ ಪದ್ಯಗಳಲ್ಲಿ ಭೇದ ಕಾಣಲಿಲ್ಲವೆಂಬುದನ್ನು ಏಕಕರ್ತೃತ್ವಕ್ಕೆ ಪ್ರಮಾಣವೆಂದು ನಾವು ಭಾವಿಸಲಾಗದು.